ನೋಟ್ಸ್ ಎಲ್ಲರಿಗೂ, ಬೀಗದ ಕೈ ಕೆಲವರಿಗೆ

ನಮ್ಮ ಲ್ಯಾಬಿನಲ್ಲಿ ಎರಡು ಬಗೆಯ ಕಂಪ್ಯೂಟರ್‌ಗಳಿವೆ. ಟ್ಯಾಲಿಗಾಗಿ ವಿಂಡೋಸ್ ಹಾಕಿದವು ಕೆಲವು, ಉಬುಂಟು ಹಾಕಿದ ಹಳೆಯವು ಕೆಲವು. ಒಂದರಿಂದ ಇನ್ನೊಂದಕ್ಕೆ ಫೈಲ್ ಹೋಗಬೇಕಾದರೆ ಪೆನ್‌ಡ್ರೈವ್ ಹಿಡಿದು ಓಡಾಡುತ್ತೇವೆ. ಜೊತೆಗೆ ವೈರಸ್ಸೂ ಓಡಾಡುತ್ತದೆ.

ವಾಟ್ಸಾಪ್ ಗುಂಪು ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ನಮ್ಮ ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಅದು ಬೆಳಿಗ್ಗೆಯೇ ಅಬ್ಬಾ ಜೊತೆ ಗುಂಡ್ಲುಪೇಟೆಗೆ ಹೋಗುತ್ತದೆ, ರಾತ್ರಿ ಬರುತ್ತದೆ. ಇನ್ನು ಗುಂಪಿಗೆ ಸೇರಿದರೆ ಹುಡುಗಿಯರ ನಂಬರ್ ಎಲ್ಲರಿಗೂ ಕಾಣುತ್ತದೆ. ಆ ಕಾರಣಕ್ಕೇ ಸೇರದ ಗೆಳತಿಯರಿದ್ದಾರೆ. ನೋಟ್ಸ್ ಬೇಕಾದರೆ ನಂಬರ್ ಕೊಡಬೇಕು ಎನ್ನುವುದು ನ್ಯಾಯವಲ್ಲ.

ಲ್ಯಾಬಿನ ಒಂದು ಕಂಪ್ಯೂಟರನ್ನೇ ಫೈಲ್ ಸರ್ವರ್ ಮಾಡಬಹುದು. ವಿಂಡೋಸ್ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಪದ್ಧತಿಯಲ್ಲೇ ಲಿನಕ್ಸ್ ಕೂಡ ಮಾತನಾಡುವಂತೆ ಮಾಡುವ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ತಾವು ವಿದ್ಯಾರ್ಥಿಯಾಗಿದ್ದಾಗ, 1991-92ರಲ್ಲಿ, ಅದನ್ನು ಶುರುಮಾಡಿದರು. ಅದಕ್ಕೆ ಹಣ ಕೊಡಬೇಕಿಲ್ಲ. ಹಾಕಿದ ಮೇಲೆ ಹಂಚಿಕೆಗೆ ಇಂಟರ್ನೆಟ್ಟೂ ಬೇಡ.

ಹಾಕುವುದು ಒಂದು ದಿನದ ಕೆಲಸ, ನಡೆಸುವುದು ವರ್ಷವಿಡೀ ಕೆಲಸ. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಟ್ಟರೆ ಸುಲಭ. ಆದರೆ ಒಬ್ಬರು ಅಳಿಸಿದರೆ ಎಲ್ಲರದ್ದೂ ಹೋಯಿತು. ನಗದು ಇಟ್ಟುಕೊಳ್ಳುವವರೇ ಲೆಕ್ಕವನ್ನೂ ಬರೆಯಬಾರದು ಎಂದು ಕಾಮರ್ಸ್‌ನಲ್ಲಿ ಓದುತ್ತೇವೆ. ಇಲ್ಲಿಯೂ ಹಾಗೆಯೇ. ‘ನೋಟ್ಸ್’ ಫೋಲ್ಡರಿನಲ್ಲಿ ಉಪನ್ಯಾಸಕರು ಬರೆಯಲಿ, ನಾವು ಓದೋಣ. ‘ಪ್ರಾಜೆಕ್ಟ್’ನಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಫೋಲ್ಡರ್, ಸ್ವಂತ ಪಾಸ್‌ವರ್ಡ್ ಇರಲಿ. ಸಾಂಬಾದಲ್ಲಿ ಅನುಮತಿ ಕೊಟ್ಟರಷ್ಟೇ ಸಾಲದು, ಲಿನಕ್ಸ್ ಫೋಲ್ಡರಿಗೂ ಆ ಅನುಮತಿ ಇರಬೇಕು. ಎರಡು ಬಾಗಿಲಲ್ಲಿ ಒಂದು ಮುಚ್ಚಿದ್ದರೂ ಒಳಗೆ ಹೋಗಲಾಗದು.

ಫೈಲುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡೋಣ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಆದರೆ ಕನ್ನಡವೂ ಉರ್ದುವೂ ಎರಡೂ ಕಡೆ ಓದಬಹುದು. ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯನ್ನು ಮುಚ್ಚಿಡಬೇಕು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನಲ್ಲಿ ಅದಕ್ಕಿದ್ದ ದೋಷದಿಂದ. ವಾರಕ್ಕೊಮ್ಮೆ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ ಆಫೀಸಿನ ಬೀರುವಿನಲ್ಲಿಡಬೇಕು.

ಇದನ್ನೆಲ್ಲ ಮಾಡುವವರು ಯಾರು? ಉಪನ್ಯಾಸಕರಿಗೆ ಕೆಲಸ ಈಗಾಗಲೇ ಜಾಸ್ತಿ, ನಿಜ. ಆದರೆ ಗುಂಡ್ಲುಪೇಟೆ ದಾಟಿದರೆ ಸಿಗುವ ಕೇರಳದ ಹೈಸ್ಕೂಲುಗಳಲ್ಲಿ ಪಾಠ ಲಿನಕ್ಸ್‌ನಲ್ಲೇ ನಡೆಯುತ್ತದೆ. ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್‌ಗಳಿವೆ. ನಾವು ಅವರಿಗಿಂತ ದೊಡ್ಡವರು. ಪ್ರತಿ ಸೆಕ್ಷನ್ನಿನಿಂದ ಇಬ್ಬರನ್ನು ಆರಿಸಿ ಕಲಿಸಿದರೆ ಸಾಕು, ಮೇಲ್ವಿಚಾರಣೆ ಲ್ಯಾಬ್ ಸರ್ ಅವರದಿರಲಿ.

ಪ್ರಾಂಶುಪಾಲರಲ್ಲಿ ಇನ್ನೊಂದು ವಿನಂತಿ. ಊಟದ ವಿರಾಮದಲ್ಲಿ ಅರ್ಧ ಗಂಟೆ ಲ್ಯಾಬ್ ತೆರೆದಿರಲಿ. ಸಂಜೆ ಗುಂಡ್ಲುಪೇಟೆ ಬಸ್ ಹಿಡಿಯುವವರು ನಿಲ್ಲಲಾರರು. ಫೋನ್ ಇಲ್ಲದವರಿಗೂ ಆ ಅರ್ಧ ಗಂಟೆಯಲ್ಲಿ ನೋಟ್ಸ್ ಸಿಗುತ್ತದೆ.