ಪಶ್ಚಾತ್ತಾಪವೂ ವಿಶ್ವಾಸವೂ

ಕ್ರೈಸ್ತಧರ್ಮದ ಸಾರವೇನೆಂದು ನನ್ನ ಸಹಪಾಠಿಗಳು ಆಗಾಗ ಕೇಳುವುದುಂಟು. ನಾನು ಪಂಡಿತನಲ್ಲ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ನನಗೆ ತೋರಿದುದನ್ನು ನಾಲ್ಕು ಮಾತಿನಲ್ಲಿ ಹೇಳಬಹುದೆಂದು ಈ ಲೇಖನಕ್ಕೆ ಕೈ ಹಾಕಿದ್ದೇನೆ. ಏಸುಸ್ವಾಮಿಯು ಗಲಿಲೇಯದಲ್ಲಿ ಬೋಧನೆಯನ್ನು ಪ್ರಾರಂಭಿಸಿದಾಗ ಜನರಿಂದ ಕೇಳಿದ್ದು ಎರಡೇ ಎಂದು ಮಾರ್ಕನ ಶುಭಸಂದೇಶವು ತಿಳಿಸುತ್ತದೆ: ಪಶ್ಚಾತ್ತಾಪ ಮತ್ತು ವಿಶ್ವಾಸ. ಮಿಕ್ಕ ಪೂಜೆ, ಉಪವಾಸ, ಹಬ್ಬ ಹರಿದಿನಗಳೆಲ್ಲ ಈ ಎರಡು ಕಂಬಗಳ ಮೇಲೆ ನಿಂತ ಚಪ್ಪರವೆಂದೇ ನನ್ನ ಅಭಿಪ್ರಾಯ.

ಪಶ್ಚಾತ್ತಾಪವೆಂಬ ನಮ್ಮ ಶಬ್ದಕ್ಕೆ ಆಮೇಲೆ ಉಂಟಾಗುವ ಬೇಗೆ ಎಂದರ್ಥ. ಶುಭಸಂದೇಶಗಳ ಗ್ರೀಕ್ ಮೂಲದಲ್ಲಿರುವ ‘ಮೆಟನೋಯ’ ಎಂಬ ಪದಕ್ಕೆ ಮನಸ್ಸಿನ ಮಾರ್ಪಾಟು ಎಂದರ್ಥ. ಹೀಬ್ರೂ ಪ್ರವಾದಿಗಳು ಬಳಸಿದ ಮಾತಿಗಾದರೋ ಹಿಂದಿರುಗುವುದು ಎಂಬ ಅರ್ಥವಿದೆ. ಈ ಮೂರನ್ನೂ ಕೂಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬೇಗೆ ಆರಂಭ ಮಾತ್ರ. ಮನಸ್ಸು ಬದಲಾಗಬೇಕು, ಕಾಲು ತಿರುಗಬೇಕು. ನಂಜನಗೂಡಿಗೆ ಹೋಗಬೇಕಾದವನು ಹುಣಸೂರಿನ ಬಸ್ಸನ್ನು ಹತ್ತಿ, ತಪ್ಪು ತಿಳಿದ ಮೇಲೂ ಕುಳಿತಲ್ಲೇ ಅಳುತ್ತಿದ್ದರೆ ನಂಜನಗೂಡು ಹತ್ತಿರವಾದೀತೆ? ಆತ ಇಳಿಯಬೇಕು. ಹಿಂದಿರುಗಲು ದಾರಿ ಉಂಟೆಂಬ ಭರವಸೆಯೂ ಅವನಿಗಿರಬೇಕು. ಇಲ್ಲದಿದ್ದರೆ ಇಳಿಯುವುದಾದರೂ ಏತಕ್ಕೆ? ಇಳಿಯುವುದು ಪಶ್ಚಾತ್ತಾಪ, ಆ ಭರವಸೆಯೇ ವಿಶ್ವಾಸ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಇದಕ್ಕೆ ಶುಭಸಂದೇಶದಲ್ಲಿಯೇ ಒಂದು ಜೋಡಿ ಉದಾಹರಣೆಯಿದೆ. ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟನು. ಪೇತ್ರನು ಅದೇ ರಾತ್ರಿ ಗುರುವನ್ನು ತಾನರಿಯೆನೆಂದು ಮೂರು ಸಲ ಹೇಳಿದನು. ಇಬ್ಬರೂ ಮರುಗಿದರು. ಯೂದನು ಹಣವನ್ನು ಹಿಂದಕ್ಕೆ ಎಸೆದು ನೇಣು ಹಾಕಿಕೊಂಡನು. ಪೇತ್ರನು ಬಿಕ್ಕಿಬಿಕ್ಕಿ ಅತ್ತರೂ ಉಳಿದವರ ಸಂಗಡ ಉಳಿದುಕೊಂಡನು. ಮರುಕದಲ್ಲಿ ಯೂದನು ಕಡಿಮೆಯವನಲ್ಲ. ಅವನಲ್ಲಿ ಇಲ್ಲದಿದ್ದುದು ತನಗೂ ಕ್ಷಮೆಯುಂಟೆಂಬ ನಂಬಿಕೆ. ವಿಶ್ವಾಸವಿಲ್ಲದ ಪಶ್ಚಾತ್ತಾಪವು ಮನುಷ್ಯನನ್ನು ಸುಟ್ಟುಬಿಡುತ್ತದೆಯೇ ಹೊರತು ಶುದ್ಧಿಮಾಡುವುದಿಲ್ಲ.

ಇದು ದೂರದೇಶದ ಹಳೆಯ ಕಥೆಯೆಂದು ವಾಚಕರು ಭಾವಿಸಬಾರದು. ನಮ್ಮ ಮೈಸೂರಿಗೆ ಹತ್ತು ಮೈಲಿಯಷ್ಟು ದೂರದ ಶ್ರೀರಂಗಪಟ್ಟಣದಲ್ಲಿ ಇದೇ ಪ್ರಶ್ನೆ ಸಾವಿರಾರು ಜನರ ಮುಂದೆ ನಿಂತಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ, ಕರಾವಳಿಯ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಅಲ್ಲಿಗೆ ತರಿಸಿದನು. ಸೆರೆ ಪ್ರಾರಂಭವಾದುದು ಬೂದಿ ಬುಧವಾರದಂದು, ಎಂದರೆ ಹಣೆಗೆ ಬೂದಿಯಿಟ್ಟುಕೊಂಡು ಪಶ್ಚಾತ್ತಾಪಪಡುವ ದಿನದಂದೇ, ಎಂದು ಆ ಜನರ ನೆನಪು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು; ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. ಟಿಪ್ಪುವಿನ ಆಳ್ವಿಕೆಯ ಒಳಿತು ಕೆಡುಕುಗಳನ್ನು ತೂಗುವುದು ಇಲ್ಲಿ ನನ್ನ ಉದ್ದೇಶವಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಿಡುಗಡೆಯಾದವರು ಮತ್ತೆ ತಮ್ಮ ಧರ್ಮಸಭೆಯ ಬಾಗಿಲಿಗೆ ಬಂದು ನಿಂತರು. ಚದುರಿದ ಸಭೆಯನ್ನು ಕೂಡಿಸಲು ಬಂದ ಪಾದ್ರಿಯೇ ಅಬ್ಬೆ ದುಬ್ವಾ. 1792ರಲ್ಲಿ ಫ್ರಾನ್ಸಿನಿಂದ ಬಂದ ಈತನನ್ನು ನಮ್ಮ ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಈ ನಾಡಿನವರಂತೆಯೇ ಉಟ್ಟು, ಉಂಡು, ಸಿಡುಬಿನ ವಿರುದ್ಧ ದೇವಿ ಹಾಕುವ ಕಾರ್ಯದಲ್ಲಿಯೂ ಶ್ರಮಿಸಿದ ಆತನ ಸೇವೆಯನ್ನು ಮರೆಯುವಂತಿಲ್ಲ.

ಆದರೆ 1823ರಲ್ಲಿ ಭಾರತವನ್ನು ಬಿಟ್ಟುಹೋದ ದುಬ್ವಾ, ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಈ ಜನರನ್ನು ಕುರಿತು ಬಹಳ ಕಠೋರವಾಗಿ ಬರೆದನು. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ಧರ್ಮಕ್ಕಾಗಿ ಪ್ರಾಣಕೊಡಲಿಲ್ಲವೆಂಬುದು ಆತನ ಕೊರಗು. ತಾನು ಇಪ್ಪತ್ತೈದು ವರ್ಷಗಳಲ್ಲಿ ಕ್ರೈಸ್ತರನ್ನಾಗಿ ಮಾಡಿದ ಇನ್ನೂರು ಮುನ್ನೂರು ಮಂದಿಯಲ್ಲಿ ಬಹುಪಾಲು ಜನ ಹೊಲೆಮಾದಿಗರು, ತಿರುಕರು. ಇವರು ಅನ್ನಕ್ಕೋ ಮದುವೆಗೋ ಬಂದವರೇ ಹೊರತು ನಿಜವಾದ ನಂಬಿಕೆಯಿಂದ ಬಂದವರಲ್ಲ ಎಂಬುದು ಆತನ ತೀರ್ಪು.

ನಾನು ಈ ತೀರ್ಪನ್ನು ಒಪ್ಪಲಾರೆ. ಏಕೆಂದರೆ ನನ್ನಂಥವರ ಮುತ್ತಜ್ಜಂದಿರು ಇಂಥವರ ನಡುವೆಯೇ ಇದ್ದವರು. ಆದರೆ ಬರಿಯ ಅಭಿಮಾನದಿಂದ ವಾದಿಸುವುದು ನ್ಯಾಯವಲ್ಲವಾದ್ದರಿಂದ ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಪ್ರಾಣಭಯದಿಂದ ಸೋತವನ ವಿಶ್ವಾಸವು ಸುಳ್ಳೆಂದರೆ ಪೇತ್ರನ ವಿಶ್ವಾಸವೂ ಸುಳ್ಳಾಗಬೇಕು. ಸೇವಕಿಯೊಬ್ಬಳ ಪ್ರಶ್ನೆಗೆ ಹೆದರಿದ ಅವನ ಕೈಗೇ ಸ್ವಾಮಿಯು ತನ್ನ ಮಂದೆಯನ್ನು ಒಪ್ಪಿಸಲಿಲ್ಲವೆ? ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಷಿಯಸನ ಆಜ್ಞೆಗೆ ಹೆದರಿ ಅನೇಕ ಕ್ರೈಸ್ತರು ಬಲಿಯರ್ಪಿಸಿದರು. ಅವರನ್ನು ಎಂದಿಗೂ ಸೇರಿಸಕೂಡದೆಂದು ನೊವಾಷಿಯನ್ ಹಟ ಹಿಡಿದನು. ತಕ್ಕ ಪ್ರಾಯಶ್ಚಿತ್ತದ ಅನಂತರ ಸೇರಿಸಿಕೊಳ್ಳಬಹುದೆಂಬ ಮಾರ್ಗವನ್ನು ಕಾರ್ಥೇಜಿನ ಸಿಪ್ರಿಯನ್ ಮೊದಲಾದವರು ಹಿಡಿದರು. ಧರ್ಮಸಭೆ ಉಳಿದದ್ದು ಎರಡನೆಯ ಮಾರ್ಗದಿಂದ. ಹದಿನೈದು ವರ್ಷಗಳ ಸೆರೆಯ ಮೇಲೆ, ಯಾರ ಬಲವಂತವೂ ಇಲ್ಲದೆ ಹಿಂದಿರುಗಿ ಬಂದರಲ್ಲ, ಆ ಬರುವಿಕೆಯೇ ವಿಶ್ವಾಸದ ಸಾಕ್ಷಿಯಲ್ಲವೆ? ಬಲವಂತದಿಂದ ಬಾಯಿಯ ಮಾತನ್ನು ಬದಲಿಸಬಹುದು, ಮನಸ್ಸನ್ನಲ್ಲ. ಈ ಮಾತು ಎಲ್ಲ ಮತದವರಿಗೂ ಸಲ್ಲತಕ್ಕದ್ದು.

ಎರಡನೆಯದಾಗಿ, ಹಸಿವಿನಿಂದ ಬಂದವನ ಮಾತು. ಲೂಕನ ಶುಭಸಂದೇಶದಲ್ಲಿ ಬರುವ ದುಂದುಗಾರ ಮಗನು ತಂದೆಯ ಮನೆಗೆ ತಿರುಗಿದ್ದು ಯಾವ ತತ್ತ್ವಚಿಂತನೆಯಿಂದ? ಹೊಟ್ಟೆಗಿಲ್ಲದೆ ಹಂದಿಗಳನ್ನು ಕಾಯುತ್ತಿದ್ದಾಗ, ತಂದೆಯ ಆಳುಗಳಿಗೂ ಬೇಕಾದಷ್ಟು ಊಟ ಸಿಕ್ಕುವುದು ಅವನಿಗೆ ನೆನಪಾಯಿತು. ತಂದೆಯಾದರೋ ಮಗನ ಉದ್ದೇಶವನ್ನು ಪರೀಕ್ಷಿಸುತ್ತ ಬಾಗಿಲಲ್ಲಿ ನಿಲ್ಲಲಿಲ್ಲ, ಓಡಿಹೋಗಿ ತಬ್ಬಿಕೊಂಡನು. ಹಸಿವು ಮನುಷ್ಯನನ್ನು ಬಾಗಿಲವರೆಗೆ ತಂದೀತು. ಒಳಗೆ ಬಂದ ಮೇಲೆ ಅವನೇನಾದನೆಂಬುದನ್ನು ನೋಡಬೇಕು.

ಹೀಗಾದರೆ ಕ್ಷಮೆ ಬಹಳ ಅಗ್ಗವಾಗಲಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯಾದದ್ದೇ. ವರ್ಷವರ್ಷವೂ ಹಣೆಗೆ ಬೂದಿಯಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಮೊಣಕಾಲೂರಿ, ವಿಧವೆಯ ಹೊಲಕ್ಕೆ ಒತ್ತರಿಸಿದ ಬದುವನ್ನು ಮಾತ್ರ ಒಂದು ಮೊಳವೂ ಹಿಂದಕ್ಕೆ ಸರಿಸದವರನ್ನು ನಾವು ಕಂಡಿಲ್ಲವೆ? ಸುಂಕದವನಾದ ಜಕ್ಕಾಯನು ಹಾಗೆ ಮಾಡಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದನು. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ಕ್ಷಮೆಗೆ ಬೆಲೆಯಿಲ್ಲ, ನಿಜ. ಆದರೆ ಕ್ಷಮೆ ಪಡೆದವನ ಕೈ ಸುಮ್ಮನಿರುವುದಿಲ್ಲ. ಕ್ರೈಸ್ತನ ಬಾಳೆಲ್ಲವೂ ಪಶ್ಚಾತ್ತಾಪವಾಗಿರಬೇಕೆಂಬುದನ್ನೇ ಲೂಥರನು 1517ರ ತನ್ನ ತೊಂಬತ್ತೈದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟನು.

ನಮ್ಮ ಅಜ್ಜಿಗೆ ಅಕ್ಷರ ಬಾರದು. ತಪಸ್ಸುಕಾಲ ಬಂತೆಂದರೆ, ಮಾತುಬಿಟ್ಟಿದ್ದ ಓರಗಿತ್ತಿಯ ಬಾಗಿಲಿಗೆ ತಾನೇ ಹೋಗಿ, “ಅಕ್ಕಾ, ನಾಳೆ ಬೂದಿ ಬುಧವಾರ ಕಣಕ್ಕಾ, ಮನಸ್ನಲ್ಲಿ ಇಟ್ಕೋಬ್ಯಾಡ” ಎನ್ನುತ್ತಿದ್ದಳು. ಕಡ ತಂದ ರಾಗಿಯಿದ್ದರೆ ಒಂದು ಬೊಗಸೆ ಹೆಚ್ಚಾಗಿಯೇ ಅಳೆದುಕೊಟ್ಟು ಬರುತ್ತಿದ್ದಳು. ದುಬ್ವಾ ಪಾದ್ರಿಯು ಕೇಳಿದ್ದರೆ ಧರ್ಮಸೂತ್ರಗಳ ಅರ್ಥವನ್ನು ಅವಳು ಹೇಳುತ್ತಿರಲಿಲ್ಲ. ಆದರೆ ಪಶ್ಚಾತ್ತಾಪವೆಂದರೆ ನಡೆದುಹೋಗುವುದು, ವಿಶ್ವಾಸವೆಂದರೆ ಬಾಗಿಲು ತೆರೆದೀತೆಂದು ನಂಬುವುದು, ಎಂಬುದನ್ನು ಅವಳು ಬಲ್ಲಳು.

ವ್ಯಕ್ತಿಗೆ ಹೇಗೋ ಸಮಾಜಕ್ಕೂ ಹಾಗೆಯೇ. ಕ್ರಿಸ್ತನಲ್ಲಿ ಮೇಲುಕೀಳಿಲ್ಲವೆಂದು ಬೋಧಿಸುವ ನಮ್ಮವರಲ್ಲಿ, ಹೆಣ್ಣು ಗಂಡು ನೋಡುವಾಗ ಜಾತಿಯ ಮಾತು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಸಂತ ಫಿಲೋಮಿನಾ ದೇವಾಲಯದ ಎತ್ತರವಾದ ಗೋಪುರಗಳನ್ನು ನೋಡಿ ನಾವು ಹೆಮ್ಮೆಪಡುತ್ತೇವೆ. ಅದರ ನೆಲದ ಮೇಲೆ ಮೊಣಕಾಲೂರಿದಾಗ ಈ ತಪ್ಪನ್ನೂ ನೆನೆಯುವುದು ಲೇಸು.

ವಿದ್ಯಾರ್ಥಿ ಮಿತ್ರರೆ, ಈ ಮಾತು ಕ್ರೈಸ್ತರಿಗೆ ಮಾತ್ರ ಮೀಸಲಲ್ಲ. ಚಿನಿವಾರ ಶ್ರೀನಿವಾಸ ನಾಯಕನು ಲೋಭವನ್ನು ತೊರೆದು ಪುರಂದರದಾಸನಾದನೆಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ತಿರುಗಿದವನನ್ನು ‘ನೀನು ಹಿಂದೆ ಹೀಗಿದ್ದೆ’ ಎಂದು ಹಂಗಿಸದಿರುವುದು, ತಿರುಗಬೇಕಾದವನಿಗೆ ಬಾಗಿಲು ತೆರೆದಿಡುವುದು, ಇಷ್ಟನ್ನು ನಾವು ಕಲಿತರೆ ನಮ್ಮ ವಿದ್ಯೆ ಸಾರ್ಥಕವಾದೀತು.