ದೆವ್ವದ ಚಿತ್ರಗಳೂ ದುಡಿಯುವ ಜನರೂ

ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವ ನಾವೇ ದೆವ್ವದ ಚಿತ್ರಗಳಿಗೆ ಟಿಕೆಟು ಕೊಂಡು ಹೋಗುತ್ತೇವೆಂದು ನಮ್ಮ ಕೆಲವು ಸಂಗಾತಿಗಳು ಮೂಗು ಮುರಿಯುತ್ತಾರೆ. ವೇದಿಕೆಯ ಮೇಲೆ ದೆವ್ವವಿಲ್ಲವೆಂದು ಸಾರಿ, ಕತ್ತಲಲ್ಲಿ ಕುಳಿತು ದೆವ್ವಕ್ಕೆ ಬೆವರುವುದು ಯಾವ ಬಗೆಯ ಸಮಾಜವಾದ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ದೆವ್ವವಿಲ್ಲ, ಆದರೆ ಭಯವಿದೆ. ಗೇಟಿನ ಮೇಲೆ ಅಂಟಿಸುವ ನೋಟೀಸಿನ ಭಯ, ತಿಂಗಳ ಕೊನೆಯ ಭಯ, ಅಂಗಡಿಯ ಮುಂದೆ ಬಂದು ನಿಲ್ಲುವ ಸಾಲಗಾರನ ಭಯ. ಈ ಭಯಗಳಿಗೆ ಮುಖವಿಲ್ಲ. ಒಳ್ಳೆಯ ಭಯದ ಚಿತ್ರ ಅದಕ್ಕೊಂದು ಮುಖ ಕೊಟ್ಟು ಪರದೆಯ ಮೇಲೆ ನಿಲ್ಲಿಸುತ್ತದೆ. ಕೆಟ್ಟ ಚಿತ್ರವೂ ಮುಖ ಕೊಡುತ್ತದೆ. ಆದರೆ ಅದು ಅನ್ಯಾಯಕ್ಕೊಳಗಾಗಿ ಸತ್ತ ಹೆಂಗಸಿನದೋ, ಕಾಡಿನ ಜನರದೋ, ಬುದ್ಧಿ ಸ್ಥಿಮಿತವಿಲ್ಲದ ಬಡವನದೋ ಆಗಿರುತ್ತದೆ. ಕೊನೆಗೆ ಮಂತ್ರವಾದಿ ಬಂದು ಬಂಗಲೆಯನ್ನು ಅದರ ಮಾಲೀಕನಿಗೆ ಸುರಕ್ಷಿತವಾಗಿ ಒಪ್ಪಿಸಿ ಹೋಗುತ್ತಾನೆ. ಆದದ್ದರಿಂದ ಚಿತ್ರದಲ್ಲಿ ದೆವ್ವ ಉಂಟೋ ಇಲ್ಲವೋ ಎಂಬುದು ನಮ್ಮ ಪರೀಕ್ಷೆಯಲ್ಲ. ಈ ಚಿತ್ರ ನಮ್ಮನ್ನು ಯಾರಿಗೆ ಹೆದರು ಎನ್ನುತ್ತದೆ ಎಂಬುದೇ ನಮ್ಮ ಪರೀಕ್ಷೆ. ಅದರಲ್ಲಿ ಪಾಸಾಗಿ ನಮಗೆ ಪ್ರಿಯವಾದ ಕೆಲವು ಚಿತ್ರಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು 1932ರ ಅಮೆರಿಕದ ‘ವೈಟ್ ಜಾಂಬಿ’. ಕತೆ ನಡೆಯುವುದು ಹೈಟಿ ದ್ವೀಪದಲ್ಲಿ. ಬೇಲಾ ಲುಗೋಸಿ ಎಂಬ ನಟ ಅಲ್ಲಿ ಒಬ್ಬ ಸಕ್ಕರೆ ಗಿರಣಿಯ ಮಾಲೀಕ. ಅವನ ಗಿರಣಿಯಲ್ಲಿ ದುಡಿಯುವವರು ಹೆಣಗಳು. ಗೋರಿಯಿಂದ ಎಬ್ಬಿಸಿ ತಂದವರು. ಕಣ್ಣು ತೆರೆದಿದೆ, ನೋಟವಿಲ್ಲ. ಕಬ್ಬಿನ ಬುಟ್ಟಿ ಹೊತ್ತು ಸುತ್ತುತ್ತಾರೆ, ಗಾಣ ತಳ್ಳುತ್ತಾರೆ. ಒಬ್ಬ ಕಾಲು ಜಾರಿ ಕಬ್ಬು ಅರೆಯುವ ಯಂತ್ರದೊಳಗೆ ಬೀಳುತ್ತಾನೆ. ಚೀರಾಟವಿಲ್ಲ. ಯಾರೂ ತಿರುಗಿ ನೋಡುವುದಿಲ್ಲ. ಗಾಣ ಕಿರುಗುಟ್ಟುತ್ತ ತಿರುಗುತ್ತಲೇ ಇರುತ್ತದೆ. ತನ್ನ ಆಳುಗಳಿಗೆ ದುಡಿಮೆಯ ಹೊತ್ತಿನ ಚಿಂತೆಯೇ ಇಲ್ಲವೆಂದು ಮಾಲೀಕ ಬಂದ ಅತಿಥಿಯೆದುರು ಹೊಗಳಿಕೊಳ್ಳುತ್ತಾನೆ. ಯಂತ್ರದ ಬಳಿ ನಿಂತು ದುಡಿದವರಿಗೆ ಇದಕ್ಕಿಂತ ದೊಡ್ಡ ಭಯದ ದೃಶ್ಯ ಬೇರೆ ಬೇಕಿಲ್ಲ.

ಈ ಜಾಂಬಿಯ ಕಲ್ಪನೆ ಹಾಲಿವುಡ್ಡಿನ ಹುಡುಗಾಟವಲ್ಲ. ಹೈಟಿಯ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕದ ಜನರ ಎದೆಯಲ್ಲಿ ಬೆಳೆದ ಭಯ ಅದು. ಸತ್ತರಾದರೂ ಬಿಡುಗಡೆ ಸಿಕ್ಕೀತು ಎಂದುಕೊಂಡವನಿಗೆ ಸತ್ತ ಮೇಲೂ ದುಡಿಯಬೇಕಾದೀತು ಎಂಬ ಭಯ. ಅದೇ ಜನ 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಚಿತ್ರ ತಯಾರಾದಾಗ ಆ ದೇಶ ಮತ್ತೆ ಪರರ ಕೈಯಲ್ಲಿತ್ತು: 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು, ರಸ್ತೆ ಮಾಡಿಸಲು ಜನರನ್ನು ಬಿಟ್ಟಿ ದುಡಿಮೆಗೆ ಎಳೆದಿತ್ತು. ಚಿತ್ರದಲ್ಲಿ ಈ ಸೈನ್ಯದ ಮಾತೇ ಬರುವುದಿಲ್ಲ. ಅದರ ಕಾಳಜಿಯೆಲ್ಲ ಒಬ್ಬ ಬಿಳಿಯ ವಧುವಿನ ಮೇಲೆ. ಕರಿಯರು ಬರೀ ಹಿನ್ನೆಲೆ. ಈ ದೋಷವನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಗಿರಣಿಯ ಆ ಒಂದು ದೃಶ್ಯ, ಮಾಡಿದವರು ಬಯಸಿದರೋ ಬಿಟ್ಟರೋ, ಸತ್ಯ ಹೇಳಿಬಿಟ್ಟಿದೆ.

2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಕಾರ್ಮಿಕರ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದಾಗ ನಮಗೆ ನೆನಪಾದದ್ದು ಆ ಗಾಣವೇ. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿಯಿತಲ್ಲ ಎಂದು ಸಮಾಧಾನ ಹೇಳಿದರು. ಒಪ್ಪಿಗೆ ಎಂಬ ಮಾತಿನ ಬೆಲೆಯನ್ನು ಗೇಟಿನ ಹೊರಗೆ ಕೆಲಸಕ್ಕೆ ಕಾದು ನಿಂತವರ ಸಾಲು ನಿರ್ಧರಿಸುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹಿಡಿಸೀತು. ಈ ಲುಗೋಸಿ ತನ್ನ ಹುಟ್ಟೂರಿನ ದೇಶವಾದ ಹಂಗೆರಿಯಲ್ಲಿ 1919ರ ಕ್ರಾಂತಿಯ ದಿನಗಳಲ್ಲಿ ನಟರ ಸಂಘ ಕಟ್ಟಲು ದುಡಿದವನು. ಕ್ರಾಂತಿ ಸರಕಾರ ಬಿದ್ದಾಗ ದೇಶ ಬಿಟ್ಟು ಓಡಬೇಕಾಯಿತು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ರಾಕ್ಷಸನಾದ ಬೋರಿಸ್ ಕಾರ್ಲೋಫ್ ದಿನವೂ ಗಂಟೆಗಟ್ಟಲೆ ಮುಖಕ್ಕೆ ಬಣ್ಣ ಬಳಿಸಿಕೊಂಡು, ಭಾರವಾದ ಬೂಟು ಹೊತ್ತು ದುಡಿದವನು. 1933ರಲ್ಲಿ ಹಾಲಿವುಡ್ಡಿನ ನಟರು ಸಂಘ ಕಟ್ಟಿದಾಗ ಅವನು ಸ್ಥಾಪಕರಲ್ಲೊಬ್ಬ. ಲುಗೋಸಿಯೂ ಬೇಗನೆ ಸೇರಿದ. ಲೋಕವನ್ನೆಲ್ಲ ಹೆದರಿಸಿದ ಇಬ್ಬರು ಭೂತಗಳೂ ಯೂನಿಯನ್ನಿನ ಸದಸ್ಯರು! ಸದಸ್ಯತ್ವದ ಚಂದಾ ಕೊಡಲು ಹಿಂದೆಮುಂದೆ ನೋಡುವವರು ಇದನ್ನು ಗಮನಿಸಲಿ.

ಎರಡನೆಯದು ಜಪಾನಿನ ‘ಗೊಜಿರಾ’, 1954. ಇದನ್ನು ಹುಡುಗರ ಚಿತ್ರವೆಂದು ತಳ್ಳಿಹಾಕುವವರುಂಟು. ಆ ವರ್ಷದ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬು ಸಿಡಿಸಿತು. ಮೀನು ಹಿಡಿಯಲು ಹೋಗಿದ್ದ ಜಪಾನಿನ ಒಂದು ದೋಣಿಯ ಮೇಲೆ ವಿಷದ ಬೂದಿ ಮಳೆಯಂತೆ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ಸೆಪ್ಟೆಂಬರಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವನು ತೀರಿಕೊಂಡ. ಟೋಕಿಯೋ ಮಾರುಕಟ್ಟೆಯಲ್ಲಿ ವಿಷದ ಮೀನನ್ನು ಗುಂಡಿ ತೋಡಿ ಹೂಳಿದರು. ಮೀನೆಂದರೆ ಜನ ಹಿಂಜರಿದರು, ಮಾರುವವರ ಹೊಟ್ಟೆಗೆ ಏಟು ಬಿತ್ತು. ಬಾಂಬು ಸಿಡಿಸಿದವರು ದೊಡ್ಡವರು. ಮಾಲು ಕೊಳೆತದ್ದು ಸಣ್ಣ ವ್ಯಾಪಾರಿಯದು.

ಎಂಟು ತಿಂಗಳ ನಂತರ, ನವೆಂಬರ್ 3ರಂದು, ಇಶಿರೋ ಹೋಂಡಾರ ಈ ಚಿತ್ರ ತೆರೆಗೆ ಬಂತು. ಮೊದಲ ದೃಶ್ಯದಲ್ಲೇ ಕಣ್ಣು ಕೋರೈಸುವ ಬೆಳಕೊಂದು ಹಡಗನ್ನು ಸುಡುತ್ತದೆ. ನೋಡಿದವರಿಗೆಲ್ಲ ಅದು ಯಾವ ಬೆಳಕೆಂದು ಗೊತ್ತಿತ್ತು. ಬಾಂಬಿನಿಂದ ಎಚ್ಚೆತ್ತ ಪ್ರಾಣಿ ಊರು ತುಳಿಯುತ್ತದೆ. ಅದನ್ನು ಕೊಲ್ಲಬಲ್ಲ ಇನ್ನೊಂದು ಭೀಕರ ಅಸ್ತ್ರ ಒಬ್ಬ ವಿಜ್ಞಾನಿಯ ಬಳಿ ಇದೆ. ಆತ ತನ್ನ ಬರಹಗಳನ್ನೆಲ್ಲ ಸುಟ್ಟು, ಅಸ್ತ್ರದೊಡನೆ ತಾನೂ ಸಮುದ್ರದ ತಳದಲ್ಲೇ ಉಳಿದು ಸಾಯುತ್ತಾನೆ. ತನ್ನ ತಲೆಯೊಳಗಿನ ವಿದ್ಯೆ ಯಾವ ಸರಕಾರದ ಕೈಗೂ ಸಿಗಬಾರದೆಂಬುದು ಅವನ ಹಟ. 1956ರಲ್ಲಿ ಇದೇ ಚಿತ್ರವನ್ನು ಅಮೆರಿಕದಲ್ಲಿ ತೋರಿಸಿದಾಗ ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರ ಸೇರಿಸಿ, ಬಾಂಬಿನ ಮಾತನ್ನು ಬಹಳಷ್ಟು ಕತ್ತರಿಸಿದರು. ಕತ್ತರಿ ಎಲ್ಲಿ ಆಡಿತೋ ಅಲ್ಲೇ ಸತ್ಯವಿತ್ತು.

ಮೂರನೆಯದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಜಾರ್ಜ್ ರೊಮೆರೊ ಎಂಬ ತರುಣ ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ, ಪಿಟ್ಸ್‌ಬರ್ಗಿನ ಸುತ್ತಮುತ್ತ, ಸುಮಾರು 1,14,000 ಡಾಲರಿನಲ್ಲಿ ಮಾಡಿದ ಕಪ್ಪುಬಿಳುಪಿನ ಚಿತ್ರ. ಹೆಣಗಳು ಎದ್ದು ಬದುಕಿದ್ದವರನ್ನು ತಿನ್ನುತ್ತಿವೆ. ಏಳು ಮಂದಿ ಒಂದು ತೋಟದ ಮನೆಯೊಳಗೆ ಸಿಕ್ಕಿಬಿದ್ದಿದ್ದಾರೆ. ಮೇಲೆ ನಿಂತು ಬಾಗಿಲಿಗೆ ಹಲಗೆ ಹೊಡೆಯೋಣವೆಂದು ಒಬ್ಬ, ನೆಲಮಾಳಿಗೆಯಲ್ಲಿ ಅಡಗೋಣವೆಂದು ಇನ್ನೊಬ್ಬ. ಸ್ವಾರಸ್ಯವೆಂದರೆ ನೆಲಮಾಳಿಗೆಯೇ ಭದ್ರವೆಂದ ಮುಂಗೋಪಿಯ ಮಾತು ಕೊನೆಗೆ ನಿಜವಾಗುತ್ತದೆ. ಯಾರು ಸರಿ ಎಂಬುದರಿಂದ ಅಲ್ಲಿ ಯಾರಿಗೂ ಉಪಯೋಗವಾಗಲಿಲ್ಲ; ಜಗಳವೇ ಅವರನ್ನು ತಿಂದಿತು. ಒಂದೇ ಗಿರಣಿಯಲ್ಲಿ ಮೂರು ಯೂನಿಯನ್ನು, ಮೂರು ಬಾವುಟ ಇಟ್ಟುಕೊಂಡ ನಾವು ಇದನ್ನು ಎರಡು ಸಲ ನೋಡಬೇಕು.

ರಾತ್ರಿಯೆಲ್ಲ ಹೋರಾಡಿ ಬದುಕಿ ಉಳಿಯುವವನು ಬೆನ್ ಎಂಬ ಕರಿಯ. ಡುವೇನ್ ಜೋನ್ಸ್ ಆ ಪಾತ್ರವನ್ನು ಗಂಭೀರವಾಗಿ ನಿರ್ವಹಿಸಿದ್ದಾನೆ. ಬೆಳಗಾಗುತ್ತದೆ, ಪೊಲೀಸರೂ ಬಂದೂಕಿನ ಜನರೂ ಬರುತ್ತಾರೆ. ಕಿಟಕಿಯಲ್ಲಿ ಕಂಡವನನ್ನು ಹೆಣವೆಂದು ತಿಳಿದು ಗುಂಡಿಟ್ಟು ಕೊಲ್ಲುತ್ತಾರೆ. ಕೊಕ್ಕೆಯಲ್ಲಿ ಎಳೆದು ಬೆಂಕಿಗೆ ಹಾಕುತ್ತಾರೆ. ಆ ವರ್ಷದ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿದ್ದರು. ಅಕ್ಟೋಬರಿನಲ್ಲಿ ಚಿತ್ರ ನೋಡಿದವರಿಗೆ ವ್ಯಾಖ್ಯಾನ ಬೇಕಾಗಲಿಲ್ಲ.

ನಮ್ಮ ದೇಶದ್ದೊಂದು: ರಾಹಿ ಅನಿಲ್ ಬರ್ವೆ ನಿರ್ದೇಶಿಸಿದ 2018ರ ‘ತುಂಬಾಡ್’. ಬ್ರಿಟಿಷರ ಕಾಲದ ಮಹಾರಾಷ್ಟ್ರದ ಹಳ್ಳಿ, ಬಿಡದೆ ಸುರಿಯುವ ಮಳೆ, ಹಾಳು ವಾಡೆ. ಅದರ ಪಾತಾಳದಲ್ಲಿ ಹಸ್ತರ್ ಎಂಬ ಶಾಪಗ್ರಸ್ತ ದೇವತೆ. ಅವನಿಗೆ ಚಿನ್ನ ದಕ್ಕಿತು, ಧಾನ್ಯ ದಕ್ಕಲಿಲ್ಲ. ಆದ್ದರಿಂದ ಚಿನ್ನದ ರಾಶಿಯಿದ್ದೂ ಯುಗಯುಗಕ್ಕೂ ಹಸಿದಿದ್ದಾನೆ. ವಿನಾಯಕ ಎಂಬವನು ಹಗ್ಗ ಹಿಡಿದು ಇಳಿದು, ಹಿಟ್ಟಿನ ಬೊಂಬೆ ತೋರಿಸಿ, ಹಸ್ತರ್ ಅದನ್ನು ತಿನ್ನುವಷ್ಟರಲ್ಲಿ ನಾಣ್ಯ ಕದ್ದು ಮೇಲೇರುತ್ತಾನೆ. ಮಗನಿಗೂ ಅದೇ ಕಸುಬು ಕಲಿಸುತ್ತಾನೆ. ಮಗ ಅಪ್ಪನಿಗಿಂತ ಚುರುಕು: ಒಂದೊಂದೇ ನಾಣ್ಯ ಯಾಕೆ, ಚೀಲವನ್ನೇ ದೋಚೋಣ ಎನ್ನುತ್ತಾನೆ. ಹೆಚ್ಚು ಬೊಂಬೆ ಒಯ್ಯುತ್ತಾರೆ. ಎಷ್ಟು ಬೊಂಬೆಯೋ ಅಷ್ಟು ಹಸ್ತರ್ ಎದ್ದು ನಿಲ್ಲುತ್ತಾರೆ. ಅತಿಲಾಭದ ಲೆಕ್ಕವನ್ನು ಇಷ್ಟು ಸರಳವಾಗಿ ಹೇಳಿದ ಅರ್ಥಶಾಸ್ತ್ರದ ಪುಸ್ತಕ ನಮಗೆ ಸಿಕ್ಕಿಲ್ಲ. ಮೊದಲು ತೆರೆಗೆ ಬಂದಾಗ ಜನ ಅಷ್ಟಾಗಿ ಹೋಗಲಿಲ್ಲ. 2024ರಲ್ಲಿ ಮತ್ತೆ ಬಿಡುಗಡೆಯಾದಾಗ ಮುಗಿಬಿದ್ದರು.

ಕನ್ನಡದಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’ ನಮ್ಮವರನ್ನು ಚೆನ್ನಾಗಿ ಹೆದರಿಸಿತು, ನಿಜ. ಆದರೆ ಪರಿಹಾರಕ್ಕೆ ದೈವದ ಮೊರೆಹೊಕ್ಕಿತು. ನಮಗೆ ಹೆಚ್ಚು ಹಿಡಿಸಿದ್ದು ಪವನ್ ಕುಮಾರರ 2016ರ ‘ಯೂ ಟರ್ನ್’. ಬೆಂಗಳೂರಿನ ಮೇಲ್ಸೇತುವೆಯಲ್ಲಿ ಸುತ್ತು ಹಾಕಲು ಬೇಸರಪಟ್ಟವರು ನಡುವಿನ ಕಲ್ಲು ಸರಿಸಿ ಅಡ್ಡ ತಿರುಗುತ್ತಾರೆ. ಸರಿಸಿದ ಕಲ್ಲು ಮತ್ತೊಬ್ಬರ ಪ್ರಾಣ ತೆಗೆಯುತ್ತದೆ. ಇಲ್ಲಿ ಹೆದರಬೇಕಾದದ್ದು ದೆವ್ವಕ್ಕಲ್ಲ, ನಮ್ಮದೇ ಎರಡು ನಿಮಿಷದ ಸ್ವಾರ್ಥಕ್ಕೆ.

ಆದರೂ ಸಂಗಾತಿಗಳ ಮಾತಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಸಿನಿಮಾ ನೋಡಿ ಬಂದವನು ಮಗುವಿಗೆ ಜ್ವರ ಬಂದರೆ ಮಂತ್ರವಾದಿಯ ಮನೆಗೆ ಓಡಿದರೆ? ಓಡುವವನು ಸಿನಿಮಾ ನೋಡದೆಯೂ ಓಡುತ್ತಾನೆ, ಏಕೆಂದರೆ ಅವನ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರಿಲ್ಲ. ಮಾಟಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ನಮ್ಮ ವಿಧಾನಮಂಡಲ ಮಸೂದೆ ಅಂಗೀಕರಿಸಿತು, ಒಳ್ಳೆಯದೇ ಆಯಿತು. ಆದರೆ ಕಾಯಿದೆಯ ಜೊತೆಗೆ ಔಷಧವೂ ಹಳ್ಳಿಗೆ ಬರಬೇಕು. ಚಿತ್ರಮಂದಿರದ ಬಾಗಿಲಲ್ಲಿ ನಿಂತು ಜನರನ್ನು ಬೈದರೆ ಮೂಢನಂಬಿಕೆ ಹೋಗದು.

ದಾವಣಗೆರೆಯ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕತೆ ನಮ್ಮವರಿಗೆ ಗೊತ್ತು. ಮುಚ್ಚಿದ ಗಿರಣಿಯಷ್ಟು ಭಯಂಕರವಾದ ಭೂತಬಂಗಲೆ ಯಾವ ಚಿತ್ರದಲ್ಲೂ ಇಲ್ಲ. ಅಲ್ಲಿ ದೆವ್ವ ಯಾವುದೆಂದು ಕೇಳಿದರೆ ಮಂತ್ರವಾದಿ ಉತ್ತರಿಸಲಾರ. ಲೆಕ್ಕದ ಪುಸ್ತಕ ಉತ್ತರಿಸುತ್ತದೆ. ಆದ್ದರಿಂದ ಸಂಗಾತಿಗಳೇ, ದೆವ್ವದ ಚಿತ್ರಕ್ಕೆ ಧಾರಾಳವಾಗಿ ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಮನೆಗೆ ಮರಳುವ ದಾರಿಯಲ್ಲಿ, ನಮ್ಮನ್ನು ಯಾರಿಗೆ ಹೆದರಿಸಿದರು, ಯಾಕೆ ಹೆದರಿಸಿದರು ಎಂದು ಪರಸ್ಪರ ಕೇಳಿಕೊಳ್ಳಿ. ಆ ಪ್ರಶ್ನೆ ಕೇಳುವ ಅಭ್ಯಾಸ ಕತ್ತಲಲ್ಲಿ ಬಂದರೆ, ಮರುದಿನ ಗೇಟಿನ ನೋಟೀಸಿನ ಮುಂದೆ ನಿಂತಾಗಲೂ ಬಂದೀತು.