ಗೃಹಾರೋಗ್ಯ: ನಿದ್ರೆಯಲ್ಲಿ ತಿದ್ದುವ ದೃಷ್ಟಿ

ಕಳೆದ ತಿಂಗಳು ನಮ್ಮ ವಾಚಕರಲ್ಲೊಬ್ಬ ಗೃಹಸ್ಥರು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷಗಳ ಹಿಂದೆ ಕರಿಹಲಗೆಯ ಮೇಲಣ ಅಕ್ಷರಗಳು ಕಾಣದೆ, ಪಕ್ಕದ ಹುಡುಗಿಯ ಪುಸ್ತಕವನ್ನು ನೋಡಿ ಬರೆದುಕೊಳ್ಳುತ್ತಿದ್ದಳಂತೆ. ಆಗ ಒಂದೂವರೆ ನಂಬರಿನ ಕನ್ನಡಕ ಬಂದಿತು. ಈಗ ಅದು ಮೂರಕ್ಕೆ ಏರಿದೆ. ಕಣ್ಣಿನ ವೈದ್ಯರು, ರಾತ್ರಿ ಮಲಗುವಾಗ ಧರಿಸಿ ಬೆಳಗ್ಗೆ ತೆಗೆದಿಡುವ ಒಂದು ಬಗೆಯ ಲೆನ್ಸನ್ನು ಸೂಚಿಸಿದ್ದಾರೆ. ಅದನ್ನು ಕೇಳಿ ಮನೆಯ ಅಜ್ಜಿಯವರು, “ಹಗಲೆಲ್ಲ ಓದಿ ದಣಿದ ಕಣ್ಣಿಗೆ ರಾತ್ರಿಯಾದರೂ ವಿಶ್ರಾಂತಿ ಬೇಡವೆ? ಕಣ್ಣಿನೊಳಗೆ ಗಾಜನ್ನಿಟ್ಟುಕೊಂಡು ಮಲಗುವುದುಂಟೆ?” ಎಂದು ಅಡ್ಡಬಂದಿರುವರು. ತಾಯಿಯವರಾದರೋ ಮಗಳಿಗೆ ಕನ್ನಡಕ ತಪ್ಪಿದರೆ ಸಾಕೆಂದು ಆತುರಪಡುತ್ತಿರುವರು. “ಇವರಿಬ್ಬರಲ್ಲಿ ಯಾರ ಮಾತನ್ನು ನಡೆಸಲಿ?” ಎಂಬುದು ಪತ್ರದ ಪ್ರಶ್ನೆ. ಈ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಹುಟ್ಟತಕ್ಕದ್ದಾದುದರಿಂದ ಈ ಸಲದ ಬರಹವನ್ನು ಇದಕ್ಕೇ ಮೀಸಲಾಗಿಟ್ಟಿದ್ದೇವೆ.

ಮೊದಲು ಕಣ್ಣಿನ ರಚನೆಯನ್ನು ಸ್ವಲ್ಪ ತಿಳಿಯೋಣ. ಕಪ್ಪುಗುಡ್ಡೆಯ ಮುಂದೆ, ಗಡಿಯಾರದ ಮೇಲಣ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕವಾದ ಪೊರೆಯೊಂದುಂಟು. ಇದಕ್ಕೆ ಕಾರ್ನಿಯವೆಂದು ಹೆಸರು. ನಡುವೆ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಆದರೂ ಕಣ್ಣಿಗೆ ಬೀಳುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ ಆಗಿರುವುದು. ಹೀಗೆ ಬಾಗಿದ ಕಿರಣಗಳು ಹಿಂಬದಿಯ ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡಿದರೆ ನೋಟ ಸ್ಪಷ್ಟ. ಹ್ರಸ್ವದೃಷ್ಟಿಯುಳ್ಳವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯು ಹಿಂದಕ್ಕೆ ಉದ್ದವಾಗಿ ಬೆಳೆದಿರುವುದರಿಂದ ಕಿರಣಗಳು ಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುವುವು. ಆದಕಾರಣ ಕೈಯಲ್ಲಿನ ಪುಸ್ತಕ ಕಂಡರೂ ದೂರದ ಹಲಗೆ ಮಸುಕಾಗುವುದು. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರು. ಒಂದೇ ಒಂದು ಮಿಲಿಮೀಟರು ಹೆಚ್ಚಿದರೂ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುವುದು.

ವೈದ್ಯರು ಸೂಚಿಸಿದ ಕ್ರಮಕ್ಕೆ ಆರ್ಥೊಕೆರಟಾಲಜಿ ಎಂದು ಹೆಸರು. ಇದರ ಲೆನ್ಸು ಗಟ್ಟಿಯಾದುದು. ಆದರೆ ಗಾಜಲ್ಲ, ಆಮ್ಲಜನಕವನ್ನು ತನ್ನ ಮೂಲಕ ಹಾಯಗೊಡುವ ಪ್ಲಾಸ್ಟಿಕ್ಕು. ಇದರ ಒಳಮೈ ನಡುವೆ ಚಪ್ಪಟೆಯಾಗಿಯೂ, ಅದರ ಸುತ್ತ ಕಡಿದಾಗಿಯೂ ಇರುವುದು. ಲೆನ್ಸಿಗೂ ಕಾರ್ನಿಯಕ್ಕೂ ನಡುವೆ ಕಣ್ಣೀರಿನ ತೆಳುವಾದ ಪದರವೊಂದಿದ್ದು, ಅದರ ಒತ್ತಡದಿಂದ ಕಾರ್ನಿಯದ ಮೇಲುಚರ್ಮವು ರಾತ್ರಿಯೆಲ್ಲ ನಡುವೆ ತೆಳ್ಳಗಾಗಿ ಸುತ್ತಲೂ ದಪ್ಪವಾಗುವುದು. ಆ ಮೇಲುಚರ್ಮದ ದಪ್ಪವೇ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಬದಲಾವಣೆಯು ಅದರಲ್ಲಿಯೂ ಅಲ್ಪಭಾಗದ್ದು. ಇಷ್ಟರಿಂದಲೇ ಉಬ್ಬು ತಗ್ಗಿ, ಕಿರಣಗಳು ಸ್ವಲ್ಪ ಹಿಂದಕ್ಕೆ ಸರಿದು ಪಟಲದ ಮೇಲೆ ಕೂಡುವುವು. ಬೆಳಗ್ಗೆ ಲೆನ್ಸನ್ನು ತೆಗೆದ ಮೇಲೆ ಹಗಲೆಲ್ಲ ಕನ್ನಡಕವಿಲ್ಲದೆ ನೋಡಬಹುದು. ಮೊದಲ ರಾತ್ರಿಯಲ್ಲಿಯೇ ಭೇದ ತೋರುವುದಾದರೂ ದೃಷ್ಟಿ ನೆಲೆಗೊಳ್ಳಲು ಒಂದೆರಡು ವಾರ ಹಿಡಿಯುವುದು. ಧರಿಸುವುದನ್ನು ಬಿಟ್ಟರೆ ಕೆಲವು ದಿನಗಳಲ್ಲಿ ಕಾರ್ನಿಯವು ತನ್ನ ಮೊದಲಿನ ಆಕಾರಕ್ಕೆ ಮರಳುವುದು. ಆದುದರಿಂದ ಇದು ದೋಷವನ್ನು ನೀಗುವ ಚಿಕಿತ್ಸೆಯಲ್ಲ. ಪ್ರತಿರಾತ್ರಿಯೂ ನಡೆಸಬೇಕಾದ ವ್ರತ.

ಅಜ್ಜಿಯವರು ಗಾಜೆಂದದ್ದೂ ಕೇವಲ ತಪ್ಪಲ್ಲ. 1888ರಲ್ಲಿ ಜೂರಿಕ್ ನಗರದ ಅಡಾಲ್ಫ್ ಫಿಕ್ ಎಂಬ ವೈದ್ಯರು ವರ್ಣಿಸಿದ ಮೊದಲ ಲೆನ್ಸುಗಳು ಗಾಜಿನವೇ ಆಗಿದ್ದುವು. ಲೆನ್ಸಿನಿಂದ ಕಾರ್ನಿಯದ ಆಕಾರವನ್ನೇ ತಿದ್ದುವ ಪ್ರಯತ್ನವನ್ನು ಅಮೆರಿಕದ ಜಾರ್ಜ್ ಜೆಸ್ಸೆನ್ ಎಂಬವರು 1960ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದರು. ಅಂದಿನ ಪ್ಲಾಸ್ಟಿಕ್ಕು ಆಮ್ಲಜನಕವನ್ನು ಬಿಡುತ್ತಿರಲಿಲ್ಲ. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಎಚ್ಚರವಿರುವಾಗ ಅದು ಗಾಳಿಯಿಂದಲೇ ಉಸಿರಾಡುವುದೆನ್ನಬಹುದು. ರೆಪ್ಪೆ ಮುಚ್ಚಿದಾಗ ಆ ಗಾಳಿಯೂ ತಪ್ಪುವುದರಿಂದ, ಅಂತಹ ಲೆನ್ಸನ್ನು ರಾತ್ರಿ ಧರಿಸುವುದು ಅಪಾಯವೇ ಆಗಿದ್ದಿತು. ಹೀಗೆ, ಕಣ್ಣಿಗೆ ರಾತ್ರಿ ವಿಶ್ರಾಂತಿ ಬೇಡವೆ ಎಂಬ ಅಜ್ಜಿಯವರ ಮಾತು ವಿಜ್ಞಾನಿಗಳನ್ನೂ ಬಹುಕಾಲ ಕಾಡಿದ ಮಾತೇ. ಆಮ್ಲಜನಕವನ್ನು ಚೆನ್ನಾಗಿ ಹಾಯಗೊಡುವ ವಸ್ತುಗಳು ಬಂದನಂತರ, 2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರಾತ್ರಿ ಧರಿಸುವ ಇಂತಹ ಲೆನ್ಸೊಂದಕ್ಕೆ, ಆರು ನಂಬರಿನವರೆಗಿನ ಹ್ರಸ್ವದೃಷ್ಟಿಗಾಗಿ, ಅನುಮತಿಯನ್ನಿತ್ತಿತು.

ಇನ್ನು ತಾಯಿಯವರ ಪಕ್ಷ. ಕನ್ನಡಕ ತಪ್ಪುವುದೆಂಬುದು ಇದರ ಚಿಕ್ಕ ಲಾಭ. ದೊಡ್ಡ ಲಾಭವೇ ಬೇರೆ. ಹ್ರಸ್ವದೃಷ್ಟಿ ಬಹಳ ಏರಿದವರಲ್ಲಿ ಹಿಗ್ಗಿದ ಕಣ್ಣಿನ ಪಟಲವು ತೆಳುವಾಗಿ, ಮುಂದೆ ಅದು ಕಳಚಿಕೊಳ್ಳುವುದು, ನಡುಪಟಲ ಕೆಡುವುದು, ಗ್ಲಾಕೋಮ ಬರುವುದು ಮುಂತಾದ ಆಪತ್ತುಗಳು ಇತರರಿಗಿಂತ ಹೆಚ್ಚು. ಕನ್ನಡಕವು ನೋಟವನ್ನು ತಿದ್ದುವುದೇ ಹೊರತು ಈ ಹಿಗ್ಗುವಿಕೆಯನ್ನು ತಡೆಯದು. ಹಾಂಗ್‌ಕಾಂಗಿನಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳನ್ನು ಎರಡು ಗುಂಪುಮಾಡಿ ಎರಡು ವರ್ಷ ಪರೀಕ್ಷಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕನ್ನಡಕದ ಮಕ್ಕಳ ಕಣ್ಣು ಸರಾಸರಿ 0.63 ಮಿಲಿಮೀಟರು ಉದ್ದವಾಗಿದ್ದರೆ, ರಾತ್ರಿಯ ಲೆನ್ಸಿನ ಮಕ್ಕಳದು 0.36 ಮಿಲಿಮೀಟರು ಮಾತ್ರ. ಎಂದರೆ ಶೇಕಡಾ 43ರಷ್ಟು ಕಡಮೆ. ಬೆಳವಣಿಗೆ ನಿಲ್ಲಲಿಲ್ಲ, ನಿಧಾನವಾಯಿತು ಎಂಬುದನ್ನು ಗಮನಿಸತಕ್ಕದ್ದು. ಚಿಕ್ಕ ವಯಸ್ಸಿನಲ್ಲಿಯೇ ಧರಿಸುವುದನ್ನು ಬಿಟ್ಟುಬಿಟ್ಟರೆ ಕಣ್ಣು ಮತ್ತೆ ವೇಗವಾಗಿ ಬೆಳೆಯುವುದೆಂದು ಅಲ್ಲಿಯದೇ ಮತ್ತೊಂದು ಅಧ್ಯಯನ 2017ರಲ್ಲಿ ತೋರಿಸಿತು. ಆದಕಾರಣ ಒಂದು ವರ್ಷ ನೋಡೋಣವೆಂದು ಆರಂಭಿಸಿ ಬೇಸರ ಬಂದಾಗ ಕೈಬಿಡುವ ಕೆಲಸ ಇದಲ್ಲ.

ಅಪಾಯವೇನು? ಕಾರ್ನಿಯದ ಸೋಂಕು. ಇದು ವಿರಳ, ಆದರೆ ಬಂದರೆ ಕ್ರೂರ. ಗಾಯ ಮಾಯ್ದರೂ ಬಿಳಿಯ ಕಲೆ ಉಳಿದು ದೃಷ್ಟಿ ಕುಂದಬಹುದು. 2013ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕದಂತೆ, ಹತ್ತು ಸಾವಿರ ಮಕ್ಕಳು ಒಂದು ವರ್ಷ ಧರಿಸಿದರೆ ಸುಮಾರು 14 ಮಂದಿಗೆ ಸೋಂಕು ತಗಲುವ ಸಂಭವ. ಇಂತಹ ಸೋಂಕುಗಳಲ್ಲಿ ಕೆಲವಕ್ಕೆ ಕಾರಣ ಅಕಾಂತಮೀಬವೆಂಬ ಸೂಕ್ಷ್ಮಜೀವಿ. ಅದರ ವಾಸ ನಲ್ಲಿಯ ನೀರಿನಲ್ಲಿಯೂ ಉಂಟು. ನಮ್ಮ ಮನೆಗಳಲ್ಲಿ ಶುದ್ಧಿಯೆಂದರೆ ನೀರಿನಿಂದ ತೊಳೆಯುವುದೆಂದೇ ಅರ್ಥ. ಆದರೆ ಇಲ್ಲಿ ಆ ನೀರೇ ಶತ್ರು. ಆದುದರಿಂದ ಈ ನಿಯಮಗಳನ್ನು ಮನೆಯವರೆಲ್ಲರೂ ಮನಸ್ಸಿನಲ್ಲಿಡಬೇಕು.

ಲೆನ್ಸನ್ನು ಮುಟ್ಟುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರಸಿಕೊಳ್ಳಬೇಕು. ಲೆನ್ಸಿಗಾಗಲಿ ಅದರ ಡಬ್ಬಿಗಾಗಲಿ ನಲ್ಲಿಯ, ಬಾವಿಯ, ಕಾಯಿಸಿ ಆರಿಸಿದ ಅಥವಾ ದೇವರ ತೀರ್ಥದ ನೀರು ಸೋಕಕೂಡದು. ವೈದ್ಯರು ಹೇಳಿದ ದ್ರಾವಣವೇ ಆಗಬೇಕು. ನಿನ್ನೆಯ ದ್ರಾವಣಕ್ಕೆ ಇಂದಿನದನ್ನು ಬೆರೆಸದೆ ದಿನದಿನವೂ ಹೊಸದನ್ನು ಹಾಕಬೇಕು. ಉಗುಳು ಹಚ್ಚಿ ಒದ್ದೆಮಾಡುವ ಅಭ್ಯಾಸ ಖಂಡಿತ ಕೂಡದು. ನೆಗಡಿ, ಜ್ವರ, ಕಣ್ಣುನೋವು ಇರುವ ದಿನ ಧರಿಸತಕ್ಕದ್ದಲ್ಲ. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಸಹಿಸದಿದ್ದರೆ, ನೋಟ ಮಂಜಾದರೆ, ನಾಳೆ ನೋಡೋಣವೆನ್ನದೆ ಲೆನ್ಸನ್ನು ತೆಗೆದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ನೋವಿಲ್ಲದಿದ್ದರೂ ಅವರು ಕರೆದ ದಿನ ತಪ್ಪದೆ ತೋರಿಸಬೇಕು.

ಇದೊಂದೇ ದಾರಿಯೆಂದು ಯಾರೂ ತಿಳಿಯಬಾರದು. ನಂಬರು ಏರುವುದನ್ನು ನಿಧಾನಿಸಲು ವಿಶೇಷ ರಚನೆಯ ಕನ್ನಡಕಗಳುಂಟು. ಅಲ್ಪಪ್ರಮಾಣದ ಅಟ್ರೋಪಿನ್ ಹನಿಗಳುಂಟು. ಅಟ್ರೋಪಿನ್ ಉಮ್ಮತ್ತದ ಗಿಡದಲ್ಲಿಯೂ ಇದೆಯೆಂದು ಕೇಳಿ ಯಾರಾದರೂ ಅದರ ರಸವನ್ನು ಕಣ್ಣಿಗೆ ಹಿಂಡಿಯಾರು! ಅದು ವಿಷ, ಎಂದಿಗೂ ಕೂಡದು. ಇವೆಲ್ಲಕ್ಕಿಂತ ಅಗ್ಗವಾದುದು ಹೊರಗಣ ಬೆಳಕು. ಚೀಣಾದೇಶದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಹ್ರಸ್ವದೃಷ್ಟಿ ಬಂದವರು ಶೇಕಡಾ 39.5ರ ಬದಲು 30.4 ಆದರೆಂದು 2015ರಲ್ಲಿ ಪ್ರಕಟಿಸಿದರು. ಪತ್ರ ಬರೆದವರ ಮಗಳಿಗೆ ತಮ್ಮನೋ ತಂಗಿಯೋ ಇದ್ದರೆ, ಇನ್ನೂ ಕನ್ನಡಕ ಬಾರದ ಆ ಮಗುವನ್ನು ಇಂದಿನಿಂದಲೇ ಅಂಗಳಕ್ಕೆ ಕಳುಹಿಸಲಿ.

ಈಗ ಯಾರ ಮಾತನ್ನು ನಡೆಸಬೇಕು? ಎರಡು ವರ್ಷದಲ್ಲಿ ಒಂದೂವರೆ ನಂಬರು ಏರಿದ ಮಗುವಿನ ಕಣ್ಣನ್ನು ಸುಮ್ಮನೆ ಬಿಡುವುದು ಸರಿಯಲ್ಲ. ಇಷ್ಟರಮಟ್ಟಿಗೆ ತಾಯಿಯವರ ಮಾತು ದಿಟ. ಮಲಗುವ ಕಣ್ಣಿನಲ್ಲಿ ಹೊರವಸ್ತುವನ್ನಿಡುವುದು ಹಗುರವಾದ ಮಾತಲ್ಲ. ಇಷ್ಟರಮಟ್ಟಿಗೆ ಅಜ್ಜಿಯವರ ಮಾತು ದಿಟ. ನಿರ್ಣಯಿಸತಕ್ಕ ಪ್ರಶ್ನೆ ಬೇರೊಂದುಂಟು. ಹಬ್ಬದ ರಾತ್ರಿಯಲ್ಲಿ, ನೆಂಟರು ತುಂಬಿದ ಮನೆಯಲ್ಲಿ, ಊರಿಗೆ ಹೋದಾಗ, ಒಂಬತ್ತು ವರ್ಷದ ಹುಡುಗಿ ನಿದ್ದೆಗಣ್ಣಿನಲ್ಲಿ ತೂಗಾಡುತ್ತಿರುವಾಗ, ಅವಳ ಪಕ್ಕದಲ್ಲಿ ನಿಂತು ಅವಳ ಕೈ ತೊಳೆಸಿ, ಡಬ್ಬಿಯನ್ನು ತೆರೆದು, ಬೆಳಗ್ಗೆ ಅವಳ ಕಣ್ಣನ್ನು ನೋಡುವವರು ಯಾರು? ಇದಕ್ಕೆ ಮನೆಯಲ್ಲಿ ಒಬ್ಬರ ಹೆಸರು ನಿಶ್ಚಯವಾಗಿ ದೊರೆತರೆ, ವೈದ್ಯರ ಸಲಹೆಯಂತೆ ಧೈರ್ಯವಾಗಿ ನಡೆಯಬಹುದು. ಯಾರಾದರೂ ನೋಡಿಕೊಂಡಾರು ಎಂಬ ಉತ್ತರವೇ ಬಂದರೆ, ಈ ದಾರಿಯನ್ನು ಬಿಟ್ಟು ಹನಿಯನ್ನೋ ವಿಶೇಷ ಕನ್ನಡಕವನ್ನೋ ಕೇಳುವುದು ಲೇಸು. ಆ ಒಬ್ಬರು ಅಜ್ಜಿಯವರೇ ಆದರೆ ಇನ್ನೂ ಸಂತೋಷ. ಮೊದಲಿನಿಂದ ಭಯಪಟ್ಟವರಷ್ಟು ಎಚ್ಚರದಿಂದ ಕಾಯುವವರು ಮತ್ತಾರೂ ಸಿಕ್ಕರು.